ಲೈಂಗಿಕ ಅಪರಾಧಗಳ ತನಿಖೆ ಮತ್ತು ವಿಚಾರಣೆಯಲ್ಲಿ ಮಹಿಳೆಯರ ಹಕ್ಕುಗಳು – ನಾಗರಿಕರ ಮಾಹಿತಿಗಾಗಿ

1. ಪೀಠಿಕೆ

ಲೈಂಗಿಕ ದೌರ್ಜನ್ಯದ ಪ್ರಕರಣವು ಪೊಲೀಸ್ ಠಾಣೆ, ಆಸ್ಪತ್ರೆ, ವಿಧಿವಿಜ್ಞಾನ ಪ್ರಯೋಗಾಲಯ ಹಾಗೂ ನ್ಯಾಯಾಲಯ ಎಂಬ ನಾಲ್ಕು ಹಂತಗಳನ್ನು ಹಾದುಹೋಗುತ್ತದೆ. ಈ ನಾಲ್ಕೂ ಹಂತಗಳಲ್ಲಿ ಸಂತ್ರಸ್ತೆಯ ಉಡುಪಿನ ವಿಷಯ ಬರುತ್ತದೆ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಘಟನೆಯ ವೇಳೆ ಆಕೆ ಧರಿಸಿದ್ದ ಬಟ್ಟೆಯು ಅಪರಾಧಿಯನ್ನು ಗುರುತಿಸಬಲ್ಲ ಮಹತ್ವದ ಪುರಾವೆ. ಆದರೆ ಆಕೆ ಅಂತಹ ಬಟ್ಟೆಯನ್ನು ಏಕೆ ಧರಿಸಿದ್ದಳು, ಅಷ್ಟು ಹೊತ್ತಿನಲ್ಲಿ ಹೊರಗೆ ಏಕೆ ಇದ್ದಳು ಎಂಬ ಪ್ರಶ್ನೆಗಳಿಂದ ಆಕೆಯ ನಡತೆಯನ್ನು ಅಳೆಯುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಉಡುಪು ಸಾಕ್ಷ್ಯವಾಗಬಹುದು, ಅದನ್ನು ಧರಿಸಿದವಳ ಮೇಲಿನ ಆರೋಪವಾಗುವಂತಿಲ್ಲ.

ಈ ವ್ಯತ್ಯಾಸ ತಿಳಿಯದಿರುವುದರಿಂದ ಎರಡು ಬಗೆಯ ಹಾನಿ ಉಂಟಾಗುತ್ತದೆ. ಜನ ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಕೆಲವರು ದೂರನ್ನೇ ನೀಡುವುದಿಲ್ಲ. ಮತ್ತೆ ಕೆಲವರು ಮನಸ್ಸಿನ ಹೇವರಿಕೆಯಿಂದ ಸ್ನಾನ ಮಾಡಿ, ಬಟ್ಟೆಯನ್ನು ಒಗೆದು ಅಥವಾ ಸುಟ್ಟುಬಿಡುತ್ತಾರೆ. ಪ್ರಯೋಗಾಲಯಕ್ಕೆ ಸಿಗಬೇಕಾದ ಪುರಾವೆ ಅಲ್ಲಿಗೆ ಕಳೆದುಹೋಗುತ್ತದೆ. ಸಂತ್ರಸ್ತೆಯರು ಹಾಗೂ ಅವರ ಕುಟುಂಬದವರು ಪ್ರತಿಯೊಂದು ಹಂತದಲ್ಲಿ ಏನನ್ನು ಕೇಳಿ ಪಡೆಯಬಹುದು, ಯಾವುದಕ್ಕೆ ಒಪ್ಪದೆ ಇರಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದಿನಾಂಕ 1-7-2024ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023. ಸಾಕ್ಷ್ಯ ಅಧಿನಿಯಮ, 1872ರ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿವೆ. ಇಲ್ಲಿ ಅವುಗಳನ್ನು ಕ್ರಮವಾಗಿ ನ್ಯಾಯ ಸಂಹಿತೆ, ಸುರಕ್ಷಾ ಸಂಹಿತೆ ಹಾಗೂ ಸಾಕ್ಷ್ಯ ಅಧಿನಿಯಮ ಎಂದು ಕರೆಯಲಾಗಿದೆ. ಸದರಿ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುತ್ತದೆ.

2. ಕಾನೂನು ಬದಲಾದ ಬಗೆ

ಇಂದಿನ ಹಕ್ಕುಗಳು ಒಮ್ಮೆಲೇ ಬಂದವಲ್ಲ. ಠಾಣೆಗಳಲ್ಲಿ ಮತ್ತು ನ್ಯಾಯಾಲಯಗಳಲ್ಲಿ ಮಹಿಳೆಯರು ಪಟ್ಟ ಅನುಭವಗಳೇ ಇವುಗಳ ಹಿಂದಿವೆ.

1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಆದಿವಾಸಿ ಬಾಲಕಿಯೊಬ್ಬಳು ಠಾಣೆಯ ಆವರಣದಲ್ಲಿಯೇ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ದೂರಿದಳು. ಸೆಷನ್ಸ್ ನ್ಯಾಯಾಲಯ ಆಕೆಯ ನಡತೆಯನ್ನೇ ಮುಂದಿಟ್ಟುಕೊಂಡು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಬಾಂಬೆ ಉಚ್ಚ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿದರೂ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕೆಯ ಮೈಮೇಲೆ ಗಾಯಗಳಿಲ್ಲ, ಆಕೆ ಕೂಗಿಕೊಂಡಿಲ್ಲ ಎಂಬ ಕಾರಣಗಳನ್ನು ಗಮನಿಸಿ ಅವರನ್ನು ಮತ್ತೆ ಬಿಡುಗಡೆಗೊಳಿಸಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಸರ್ವೋಚ್ಚ ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಮಹಿಳೆಯರು ಪ್ರತಿಭಟಿಸಿದರು. ಇದರ ಫಲವಾಗಿ 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ವಶದಲ್ಲಿದ್ದಾಗ ನಡೆಯುವ ಅತ್ಯಾಚಾರವನ್ನು ಪ್ರತ್ಯೇಕ ಗಂಭೀರ ಅಪರಾಧವೆಂದು ಪರಿಗಣಿಸಲಾಯಿತು. ಸಂತ್ರಸ್ತೆಯ ಗುರುತು ಪ್ರಕಟಿಸುವುದನ್ನು ನಿಷೇಧಿಸಲಾಯಿತು. ಗೋಪ್ಯ ವಿಚಾರಣೆಯ ನಿಯಮ ಜಾರಿಗೆ ಬಂದಿತು.

ಆದಾಗ್ಯೂ 1872ರ ಸಾಕ್ಷ್ಯ ಅಧಿನಿಯಮದ 155(4)ನೇ ಉಪಬಂಧವು ಹಾಗೆಯೇ ಉಳಿದಿತ್ತು. ಅತ್ಯಾಚಾರದ ಆರೋಪಿಯು, ದೂರುದಾರಳು ಸಾಮಾನ್ಯವಾಗಿ ಅನೈತಿಕ ನಡತೆಯುಳ್ಳವಳು ಎಂದು ತೋರಿಸಲು ಅದು ಅವಕಾಶ ನೀಡುತ್ತಿತ್ತು. ನೂರಮೂವತ್ತು ವರ್ಷಗಳ ನಂತರ, 2002ರ ಅಂತ್ಯದಲ್ಲಿ ಅದನ್ನು ಕೈಬಿಡಲಾಯಿತು. ದೆಹಲಿಯಲ್ಲಿ ಡಿಸೆಂಬರ್ 2012ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಘಟನೆಯ ಬಳಿಕ 2013ರಲ್ಲಿ ಆದ ತಿದ್ದುಪಡಿಯು, ಸಮ್ಮತಿಯ ಪ್ರಶ್ನೆಯನ್ನು ನಿರ್ಧರಿಸುವಾಗ ಸಂತ್ರಸ್ತೆಯ ನಡತೆ ಅಥವಾ ಹಿಂದಿನ ಸಂಬಂಧಗಳು ಪ್ರಸ್ತುತವೇ ಅಲ್ಲ ಎಂದು ಸ್ಪಷ್ಟಪಡಿಸಿತು. ಈಗಿನ ಸಾಕ್ಷ್ಯ ಅಧಿನಿಯಮದ ಕಲಂ 48ರಲ್ಲಿ ಇದೇ ನಿಯಮವಿದೆ.

3. ದೂರು ದಾಖಲಿಸುವುದು

(ಅ) ಯಾವ ಠಾಣೆಯಲ್ಲಿ? – ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಉದಾಹರಣೆಗೆ, ಪ್ರಯಾಣದ ವೇಳೆ ದಾವಣಗೆರೆಯ ಸಮೀಪ ದೌರ್ಜನ್ಯಕ್ಕೆ ಒಳಗಾದ ಮಹಿಳೆಯು ಧಾರವಾಡದಲ್ಲಿ ಇಳಿದು ಅಲ್ಲಿಯ ಠಾಣೆಯಲ್ಲಿ ದೂರು ಕೊಡಬಹುದು. ಧಾರವಾಡದ ಠಾಣೆಯು ಅದನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಇದನ್ನು ಶೂನ್ಯ ಎಫ್.ಐ.ಆರ್. ಎನ್ನುತ್ತಾರೆ. "ಇದು ನಮ್ಮ ಠಾಣೆಗೆ ಸೇರಿದ್ದಲ್ಲ" ಎಂದು ಹೇಳಿ ಕಳುಹಿಸುವಂತಿಲ್ಲ.

(ಆ) ಯಾವ ರೀತಿಯಲ್ಲಿ? – ಬರಹದಲ್ಲಿ, ಬಾಯಿಮಾತಿನಲ್ಲಿ ಅಥವಾ ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ನೀಡಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, ಸಹಿ ಪಡೆಯಬೇಕು. ವಿದ್ಯುನ್ಮಾನ ಮಾಧ್ಯಮದಲ್ಲಿ ಕಳುಹಿಸಿದ್ದಲ್ಲಿ ಮೂರು ದಿನಗಳೊಳಗೆ ಸಹಿ ಮಾಡಬೇಕು.

(ಇ) ಯಾರು ಬರೆದುಕೊಳ್ಳಬೇಕು? – ಅತ್ಯಾಚಾರ, ಲೈಂಗಿಕ ಕಿರುಕುಳ, ಹಿಂಬಾಲಿಸಿ ಕಾಡುವುದು, ಗೋಪ್ಯವಾಗಿ ಇಣುಕಿ ನೋಡುವುದು, ಆಸಿಡ್ ದಾಳಿ ಮುಂತಾದ ಅಪರಾಧಗಳಲ್ಲಿ ಸಂತ್ರಸ್ತೆಯೇ ಮಾಹಿತಿ ನೀಡುತ್ತಿದ್ದರೆ ಅದನ್ನು ಮಹಿಳಾ ಪೊಲೀಸ್ ಅಧಿಕಾರಿ ಅಥವಾ ಯಾರಾದರೂ ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಸಂತ್ರಸ್ತೆಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯವಿದ್ದಲ್ಲಿ ಆಕೆಯ ಮನೆಯಲ್ಲಿ ಅಥವಾ ಆಕೆಗೆ ಅನುಕೂಲವಾದ ಸ್ಥಳದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ದಾಖಲಿಸಿ, ವಿಡಿಯೋ ಚಿತ್ರೀಕರಣ ಮಾಡಬೇಕು.

(ಈ) ಪ್ರತಿ – ದಾಖಲಾದ ಮಾಹಿತಿಯ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತೆಗೆ ತಕ್ಷಣ ಹಾಗೂ ಉಚಿತವಾಗಿ ನೀಡಬೇಕು. ದೂರು ದಾಖಲಿಸಲು ಯಾವುದೇ ಶುಲ್ಕವಿಲ್ಲ.

(ಉ) ನಿರಾಕರಿಸಿದಲ್ಲಿ – ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲಿಯೂ ಫಲ ಸಿಗದಿದ್ದರೆ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಅತ್ಯಾಚಾರವೇ ಮೊದಲಾದ ನಿರ್ದಿಷ್ಟ ಅಪರಾಧಗಳಲ್ಲಿ ದೂರು ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ ಕಲಂ 199ರ ಮೇರೆಗೆ ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಕಾರಾಗೃಹ ವಾಸ ಹಾಗೂ ದಂಡ ವಿಧಿಸಬಹುದು.

ದೂರಿನಲ್ಲಿ ಘಟನೆಯ ದಿನಾಂಕ, ವೇಳೆ, ಸ್ಥಳ, ಆರೋಪಿಯ ಹೆಸರು ಅಥವಾ ಚಹರೆ, ಘಟನೆಯನ್ನು ಕಂಡವರು ಅಥವಾ ಅದರ ಬಗ್ಗೆ ಮೊದಲು ತಿಳಿದವರು ಯಾರು ಎಂಬ ವಿವರಗಳಿದ್ದರೆ ತನಿಖೆಗೆ ಅನುಕೂಲ. ಎಲ್ಲವೂ ನೆನಪಿಗೆ ಬಾರದಿದ್ದರೆ ನೆನಪಿರುವಷ್ಟನ್ನು ಹೇಳಿದರೆ ಸಾಕು. ಉಳಿದುದನ್ನು ಮುಂದಿನ ಹೇಳಿಕೆಯಲ್ಲಿ ಸೇರಿಸಬಹುದು. ದೂರು ನೀಡುವುದು ತಡವಾಗಿದ್ದಲ್ಲಿ ಅದಕ್ಕೆ ಕಾರಣವನ್ನು ಇದ್ದಂತೆಯೇ ಬರೆಸಬೇಕು. ಅಂಜಿಕೆ, ಕುಟುಂಬದ ಮರ್ಯಾದೆಯ ಚಿಂತೆ, ಬೆದರಿಕೆ ಇವೆಲ್ಲವೂ ಹೇಳಬಹುದಾದ ಕಾರಣಗಳೇ.

4. ಹೇಳಿಕೆ ದಾಖಲಿಸುವುದು

ತನಿಖೆಯ ಸಲುವಾಗಿ ಮಹಿಳೆಯನ್ನು ಆಕೆಯ ವಾಸಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಪೊಲೀಸರು ಕಡ್ಡಾಯಪಡಿಸುವಂತಿಲ್ಲ. ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಪೊಲೀಸ್ ಅಧಿಕಾರಿಯೇ ದಾಖಲಿಸಬೇಕು. ಆಗ ತಂದೆತಾಯಿ, ಪೋಷಕರು, ಹತ್ತಿರದ ಸಂಬಂಧಿ ಅಥವಾ ಸ್ಥಳೀಯ ಸಮಾಜ ಕಾರ್ಯಕರ್ತರು ಜೊತೆಗಿರಬಹುದು. ಇದನ್ನು ಧ್ವನಿ–ದೃಶ್ಯ ಮುದ್ರಣದ ಮೂಲಕವೂ ದಾಖಲಿಸಬಹುದು.

ಇದರ ನಂತರ ಪೊಲೀಸರು ಸಂತ್ರಸ್ತೆಯ ಹೇಳಿಕೆಯನ್ನು ನ್ಯಾಯಾಂಗ ದಂಡಾಧಿಕಾರಿಯವರ ಮುಂದೆ ದಾಖಲಿಸುವ ವ್ಯವಸ್ಥೆ ಮಾಡುತ್ತಾರೆ. ಸುರಕ್ಷಾ ಸಂಹಿತೆಯ ಕಲಂ 183ರ ಪ್ರಕಾರ ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ದಂಡಾಧಿಕಾರಿಯೇ ಇದನ್ನು ದಾಖಲಿಸಬೇಕು. ಅವರು ಲಭ್ಯವಿಲ್ಲದಿದ್ದರೆ ಪುರುಷ ದಂಡಾಧಿಕಾರಿಯು ಮಹಿಳೆಯೊಬ್ಬರ ಸಮಕ್ಷಮದಲ್ಲಿ ದಾಖಲಿಸಬೇಕು.

ಮಹಿಳಾ ಅಧಿಕಾರಿಯೇ ಇರಬೇಕೆಂಬ ನಿಯಮವು ಹೇಳಲಾಗದ ಮಾತನ್ನು ಹೇಳುವ ಸಂಕೋಚವನ್ನು ಕಡಿಮೆ ಮಾಡುವುದಕ್ಕಾಗಿದೆ. ಆದರೆ ಈ ಹುದ್ದೆಗಳಿಗೆ ಮಹಿಳೆಯರು ಬರಲು ಬಹಳ ಕಾಲ ಹಿಡಿಯಿತು. 1950ರಲ್ಲಿ ಆರಂಭವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಎಂ. ಫಾತಿಮಾ ಬೀವಿ ಅವರು ನೇಮಕಗೊಂಡದ್ದು 1989ರಲ್ಲಿ. ಭಾರತೀಯ ಪೊಲೀಸ್ ಸೇವೆಗೆ ಮೊದಲ ಮಹಿಳೆಯಾಗಿ ಕಿರಣ್ ಬೇಡಿ ಅವರು ಸೇರಿದ್ದು 1972ರಲ್ಲಿ. ಕರ್ನಾಟಕ ಪೊಲೀಸ್ ಇಲಾಖೆಗೆ ಮೊದಲ ಮಹಿಳಾ ಮಹಾನಿರ್ದೇಶಕರಾಗಿ ನೀಲಮಣಿ ಎನ್. ರಾಜು ಅವರು ಅಧಿಕಾರ ವಹಿಸಿಕೊಂಡದ್ದು 2017ರಲ್ಲಿ.

5. ವೈದ್ಯಕೀಯ ಪರೀಕ್ಷೆ

ಸುರಕ್ಷಾ ಸಂಹಿತೆಯ ಕಲಂ 397ರ ಪ್ರಕಾರ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆಲ್ಲವೂ ಅತ್ಯಾಚಾರ ಮತ್ತು ಆಸಿಡ್ ದಾಳಿಯ ಸಂತ್ರಸ್ತೆಯರಿಗೆ ತಕ್ಷಣ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ನೀಡಬೇಕು ಮತ್ತು ಪೊಲೀಸರಿಗೆ ತಿಳಿಸಬೇಕು. ಚಿಕಿತ್ಸೆ ನೀಡದಿರುವುದು ಶಿಕ್ಷಾರ್ಹ ಅಪರಾಧ.

ಪೊಲೀಸರ ಪತ್ರವಿಲ್ಲದೆ ಪರೀಕ್ಷಿಸುವುದಿಲ್ಲ ಎಂದು ಆಸ್ಪತ್ರೆಗಳು ಹೇಳುವ ರೂಢಿ ಹಿಂದೆ ಇತ್ತು. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ 2000ನೇ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರೂಢಿಯನ್ನು ಒಪ್ಪದೆ, ಇಂತಹ ಪ್ರಕರಣವು ವೈದ್ಯಕೀಯ ಮತ್ತು ಕಾನೂನು ಎರಡೂ ದೃಷ್ಟಿಯಿಂದ ತುರ್ತಿನದೆಂದು ಹೇಳಿತು. ಆದ್ದರಿಂದ ಸಂತ್ರಸ್ತೆಯು ಠಾಣೆಗೆ ಹೋಗುವ ಮೊದಲೇ ನೇರವಾಗಿ ಆಸ್ಪತ್ರೆಗೆ ಹೋಗಬಹುದು. ಠಾಣೆಗೆ ಮೊದಲು ಹೋದಲ್ಲಿ, ಮಾಹಿತಿ ಬಂದ 24 ಗಂಟೆಗಳೊಳಗೆ ಆಕೆಯನ್ನು ವೈದ್ಯರ ಬಳಿಗೆ ಕಳುಹಿಸುವುದು ಪೊಲೀಸರ ಕರ್ತವ್ಯ.

ಪರೀಕ್ಷೆಗೆ ಸಂಬಂಧಿಸಿದ ಮುಖ್ಯ ಅಂಶಗಳು:

(1) ಸಂತ್ರಸ್ತೆಯ ಅಥವಾ ಆಕೆಯ ಪರವಾಗಿ ಒಪ್ಪಿಗೆ ನೀಡಲು ಅರ್ಹರಾದವರ ಸಮ್ಮತಿಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ಪರೀಕ್ಷೆಯ ಯಾವುದೇ ಭಾಗವನ್ನು ಆಕೆ ಬೇಡವೆನ್ನಬಹುದು. ಹಾಗೆಂದ ಮಾತ್ರಕ್ಕೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

(2) ಸಮ್ಮತಿ ಪಡೆದ ಬಗ್ಗೆ, ದೇಹದ ಮೇಲಿನ ಗಾಯಗಳ ಬಗ್ಗೆ, ಡಿ.ಎನ್.ಎ. ಪರೀಕ್ಷೆಗಾಗಿ ತೆಗೆದುಕೊಂಡ ವಸ್ತುಗಳ ಬಗ್ಗೆ, ಸಂತ್ರಸ್ತೆಯ ಮಾನಸಿಕ ಸ್ಥಿತಿಯ ಬಗ್ಗೆ ಹಾಗೂ ಪರೀಕ್ಷೆ ಆರಂಭವಾದ ಮತ್ತು ಮುಗಿದ ವೇಳೆಯ ಬಗ್ಗೆ ವೈದ್ಯರು ವರದಿಯಲ್ಲಿ ನಮೂದಿಸಬೇಕು. ವರದಿಯನ್ನು 7 ದಿನಗಳೊಳಗೆ ತನಿಖಾಧಿಕಾರಿಗೆ ಕಳುಹಿಸಬೇಕು.

(3) ಎರಡು ಬೆರಳಿನ ಪರೀಕ್ಷೆಯನ್ನು ನಡೆಸುವಂತಿಲ್ಲ. ಇದು ಸಂತ್ರಸ್ತೆಯ ಖಾಸಗಿತನ ಹಾಗೂ ಘನತೆಗೆ ಧಕ್ಕೆ ತರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯೂ ಇದನ್ನು ಕೈಬಿಟ್ಟಿತು. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ; ಇದನ್ನು ನಡೆಸುವವರು ದುರ್ವರ್ತನೆಯ ತಪ್ಪಿತಸ್ಥರಾಗುತ್ತಾರೆ ಎಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿತು.

(4) ಗರ್ಭ ತಡೆಯುವ ತುರ್ತು ಔಷಧ ಹಾಗೂ ಎಚ್.ಐ.ವಿ. ಸೋಂಕು ತಡೆಯುವ ಔಷಧಗಳನ್ನು ವಿಳಂಬವಿಲ್ಲದೆ ಆರಂಭಿಸಬೇಕು. ಎಚ್.ಐ.ವಿ. ತಡೆ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಮಾತ್ರ ಪ್ರಯೋಜನ. ಆದುದರಿಂದ ದೂರು ನೀಡುವ ಬಗ್ಗೆ ಮನಸ್ಸು ಗಟ್ಟಿಯಾಗದಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

6. ಉಡುಪು ಮತ್ತಿತರ ವಸ್ತುಗಳನ್ನು ಕಾಪಾಡುವ ಕ್ರಮ

2014ರ ಮಾರ್ಗಸೂಚಿಯಂತೆ ದೇಹದಿಂದ ಮಾದರಿಗಳನ್ನು ಸಾಮಾನ್ಯವಾಗಿ ಘಟನೆಯಾದ 96 ಗಂಟೆಗಳೊಳಗೆ ಸಂಗ್ರಹಿಸಲಾಗುತ್ತದೆ. ಕಾಲ ಕಳೆದಂತೆ ಸಾಕ್ಷ್ಯ ಸಿಗುವ ಸಂಭವ ಕಡಿಮೆಯಾಗುತ್ತದೆ. ಆದರೆ ಬಟ್ಟೆಯ ಮೇಲಿನ ಕಲೆ ಒಣಗಿದ ಸ್ಥಿತಿಯಲ್ಲಿ ಅದಕ್ಕಿಂತ ಬಹುಕಾಲ ಉಳಿಯಬಲ್ಲದು. ಹೀಗಾಗಿ ಈ ಕೆಳಕಂಡ ಕ್ರಮಗಳನ್ನು ಪಾಲಿಸುವುದು ಒಳ್ಳೆಯದು.

(1) ಸಾಧ್ಯವಿದ್ದಲ್ಲಿ ಪರೀಕ್ಷೆಗೆ ಮೊದಲು ಸ್ನಾನ ಮಾಡಬಾರದು, ಬಾಯಿ ಮುಕ್ಕಳಿಸಬಾರದು, ಉಗುರು ಕತ್ತರಿಸಬಾರದು. ಉಗುರಿನ ಸಂದಿಯಲ್ಲಿ ಆರೋಪಿಯ ಚರ್ಮದ ಕಣಗಳು ಉಳಿದಿರಬಹುದು.

(2) ಧರಿಸಿದ್ದ ಬಟ್ಟೆ, ಒಳ ಉಡುಪು, ಹಾಸಿಗೆಯ ಹೊದಿಕೆ ಇವುಗಳನ್ನು ಒಗೆಯಬಾರದು, ಕೊಡವಬಾರದು.

(3) ಬಟ್ಟೆ ಒದ್ದೆಯಾಗಿದ್ದರೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಅದರಿಂದ ಡಿ.ಎನ್.ಎ. ಕೆಡುತ್ತದೆ.

(4) ಹರಿದ ಭಾಗವನ್ನು ಹೊಲಿಯಬಾರದು. ಕಿತ್ತುಹೋದ ಗುಂಡಿ, ತುಂಡಾದ ಬಳೆ, ಸರ ಸಿಕ್ಕಿದ್ದರೆ ಅವುಗಳನ್ನೂ ಇಟ್ಟುಕೊಳ್ಳಬೇಕು.

(5) ಮೊಬೈಲ್ ಫೋನಿನಲ್ಲಿರುವ ಸಂದೇಶ, ಕರೆಗಳ ವಿವರ, ಚಿತ್ರಗಳನ್ನು ಅಳಿಸಬಾರದು. ಘಟನಾ ಸ್ಥಳದ ಬಳಿ ಸಿ.ಸಿ. ಟಿ.ವಿ. ಇದ್ದರೆ ಕೂಡಲೇ ತನಿಖಾಧಿಕಾರಿಗೆ ತಿಳಿಸಬೇಕು. ಹಳೆಯ ದೃಶ್ಯಗಳ ಮೇಲೆ ಹೊಸವು ಮುದ್ರಣವಾಗಿ ಪುರಾವೆ ಅಳಿಸಿಹೋಗುವ ಸಂಭವವಿರುತ್ತದೆ.

ಈಗಾಗಲೇ ಸ್ನಾನ ಮಾಡಿದ್ದರೆ ಅಥವಾ ಬಟ್ಟೆ ಒಗೆದಿದ್ದರೆ ಪ್ರಕರಣವೇ ಮುಗಿಯಿತೆಂದು ತಿಳಿಯಬಾರದು. ಒಗೆದ ಬಟ್ಟೆಯಲ್ಲಿಯೂ ಕೆಲವೊಮ್ಮೆ ಕಲೆಯ ಅಂಶ ಉಳಿದಿರುತ್ತದೆ. ನಡೆದುದನ್ನು ವೈದ್ಯರಿಗೂ ತನಿಖಾಧಿಕಾರಿಗೂ ಮರೆಮಾಚದೆ ತಿಳಿಸಿ, ಬಟ್ಟೆಯನ್ನು ಹಾಗೆಯೇ ಒಪ್ಪಿಸಬೇಕು.

7. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ನಡೆಯುವುದೇನು?

ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವು ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ದಾವಣಗೆರೆ ಮುಂತಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ನಾಗರಿಕರು ಇಲ್ಲಿಗೆ ನೇರವಾಗಿ ವಸ್ತುಗಳನ್ನು ಕೊಡಬೇಕಾಗಿಲ್ಲ. ತನಿಖಾಧಿಕಾರಿಯ ಮೂಲಕವೇ ಅವು ಹೋಗಬೇಕು.

ವಶಪಡಿಸಿಕೊಂಡ ವಸ್ತುಗಳಿಗೆ ಅಂದರೆ ಮುದ್ದೆಮಾಲಿಗೆ ಮಹಜರಿನ ಮೂಲಕ ಸಂಖ್ಯೆ ಕೊಟ್ಟು, ಮೊಹರು ಹಾಕಲಾಗುತ್ತದೆ. ಅದು ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತು ಎಂಬುದಕ್ಕೆ ಲೆಕ್ಕವಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ನ್ಯಾಯಾಲಯದಲ್ಲಿ ವಸ್ತುವಿನ ನಂಬಿಕೆ ಪ್ರಶ್ನೆಗೆ ಒಳಗಾಗುತ್ತದೆ. ಪ್ರಯೋಗಾಲಯದಲ್ಲಿ ಮೊದಲು ಮೊಹರು ಸರಿಯಾಗಿದೆಯೇ ಎಂದು ನೋಡುತ್ತಾರೆ. ಬಳಿಕ ವಿಶೇಷ ಬೆಳಕಿನಲ್ಲಿ ಬಟ್ಟೆಯನ್ನು ಪರಿಶೀಲಿಸಿ ಕಲೆಗಳನ್ನು ಗುರುತಿಸುತ್ತಾರೆ. ಅವು ರಕ್ತವೋ, ವೀರ್ಯವೋ, ಜೊಲ್ಲೋ ಎಂಬುದನ್ನು ರಾಸಾಯನಿಕ ಹಾಗೂ ಸೂಕ್ಷ್ಮದರ್ಶಕ ಪರೀಕ್ಷೆಗಳಿಂದ ನಿರ್ಧರಿಸುತ್ತಾರೆ. ಆ ಕಲೆಯಿಂದ ಡಿ.ಎನ್.ಎ. ಬೇರ್ಪಡಿಸಿ, ಸಂತ್ರಸ್ತೆಯ ಹಾಗೂ ಆರೋಪಿಯ ಮಾದರಿಗಳೊಡನೆ ಹೋಲಿಸುತ್ತಾರೆ.

ಡಿ.ಎನ್.ಎ. ಮೂಲಕ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದರು. ಭಾರತದಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಲಾಲ್ಜಿ ಸಿಂಗ್ ಅವರು ಇದನ್ನು ಬೆಳೆಸಿದರು. ಇದು ನಮ್ಮ ನ್ಯಾಯಾಲಯಗಳಿಗೆ ಮೊದಲು ಬಂದದ್ದು ಕೇರಳದ ತಲಶ್ಶೇರಿಯ ಒಬ್ಬ ಮಹಿಳೆ ತನ್ನ ಮಗುವಿನ ಜೀವನಾಂಶಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ. ಮಗು ತನ್ನದಲ್ಲವೆಂದು ಗಂಡಸು ವಾದಿಸಿದಾಗ ಪ್ರಯೋಗಾಲಯದ ವರದಿಯು ಆಕೆಯ ಮಾತನ್ನು ಎತ್ತಿಹಿಡಿಯಿತು. 1991ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ ಅದನ್ನು ಮಾನ್ಯ ಮಾಡಿತು.

ವಿಜ್ಞಾನದ ಮಿತಿಯನ್ನೂ ತಿಳಿದಿರಬೇಕು. ಕಲೆ ಅಥವಾ ಡಿ.ಎನ್.ಎ. ಸಿಗದಿದ್ದರೆ ಅಪರಾಧ ನಡೆದಿಲ್ಲವೆಂದು ಅರ್ಥವಲ್ಲ. ವಿಳಂಬ, ಸ್ನಾನ ಅಥವಾ ಅಪರಾಧದ ಸ್ವರೂಪದಿಂದಾಗಿ ಅದು ಸಿಗದೆ ಹೋಗಬಹುದು. ಹಾಗೆಯೇ ಡಿ.ಎನ್.ಎ. ಹೊಂದಿಕೆಯು ಸಂಪರ್ಕವನ್ನು ಮಾತ್ರ ತೋರಿಸುತ್ತದೆ. ಸಮ್ಮತಿ ಇತ್ತೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವಳು ಸಂತ್ರಸ್ತೆ. ಆಕೆಯ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಬೇರೆ ಪುಷ್ಟೀಕರಣವಿಲ್ಲದೆಯೂ ಅದರ ಆಧಾರದ ಮೇಲೆ ಶಿಕ್ಷೆ ವಿಧಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 1996ರ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ.

8. ಕಾಲಮಿತಿಗಳು

- ವಿದ್ಯುನ್ಮಾನ ದೂರಿಗೆ ಸಹಿ: 3 ದಿನಗಳು
- ಸಂತ್ರಸ್ತೆಯನ್ನು ವೈದ್ಯರ ಬಳಿ ಕಳುಹಿಸುವುದು: 24 ಗಂಟೆಗಳು
- ವೈದ್ಯಕೀಯ ವರದಿ ತನಿಖಾಧಿಕಾರಿಗೆ: 7 ದಿನಗಳು
- ಅತ್ಯಾಚಾರ ಪ್ರಕರಣದ ತನಿಖೆ: ಮಾಹಿತಿ ದಾಖಲಾದ ದಿನದಿಂದ 2 ತಿಂಗಳು
- ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತೆಗೆ ತಿಳಿಸುವುದು: 90 ದಿನಗಳು
- ಅತ್ಯಾಚಾರ ಪ್ರಕರಣದ ವಿಚಾರಣೆ: ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ದಿನದಿಂದ 2 ತಿಂಗಳು

ಪ್ರಯೋಗಾಲಯದ ವರದಿ ಹಾಗೂ ವಿಚಾರಣೆಗಳು ಅನೇಕ ಪ್ರಕರಣಗಳಲ್ಲಿ ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ವಿಳಂಬವಾದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ. ಆದರೆ ಪ್ರಗತಿಯ ಮಾಹಿತಿ ಕೇಳುವುದು ಸಂತ್ರಸ್ತೆಯ ಹಕ್ಕು. ಅದು ಯಾರಿಂದಲೂ ಬೇಡುವ ಉಪಕಾರವಲ್ಲ.

9. ನ್ಯಾಯಾಲಯದಲ್ಲಿ: ಕೇಳಬಾರದ ಪ್ರಶ್ನೆಗಳು

ಅತ್ಯಾಚಾರ ಪ್ರಕರಣದ ವಿಚಾರಣೆಯು ಮುಚ್ಚಿದ ನ್ಯಾಯಾಲಯದಲ್ಲಿ ನಡೆಯುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ನ್ಯಾಯಾಧೀಶರೇ ವಿಚಾರಣೆ ನಡೆಸಬೇಕು.

ಪಾಟೀ ಸವಾಲಿನಲ್ಲಿ ಘಟನೆಯ ಬಗ್ಗೆ, ಸ್ಥಳ ಮತ್ತು ವೇಳೆಯ ಬಗ್ಗೆ, ಹೇಳಿಕೆಗಳ ನಡುವಿನ ವ್ಯತ್ಯಾಸಗಳ ಬಗ್ಗೆ ಆರೋಪಿಯ ವಕೀಲರು ಪ್ರಶ್ನಿಸಬಹುದು. ಇದು ಆರೋಪಿಯ ಹಕ್ಕು. ಆದರೆ ಸಮ್ಮತಿಯನ್ನು ಸಾಧಿಸುವ ಸಲುವಾಗಿ ಆಕೆಯ ಸಾಮಾನ್ಯ ಅನೈತಿಕ ನಡತೆ ಅಥವಾ ಯಾರೊಡನೆಯಾದರೂ ಇದ್ದ ಹಿಂದಿನ ಲೈಂಗಿಕ ಸಂಬಂಧದ ಬಗ್ಗೆ ಪ್ರಶ್ನೆ ಕೇಳುವಂತಿಲ್ಲ. ಅವಮಾನಿಸುವ ಉದ್ದೇಶದ ಪ್ರಶ್ನೆಗಳನ್ನು ನ್ಯಾಯಾಲಯ ತಡೆಯಬೇಕು. ಅಂತಹ ಪ್ರಶ್ನೆ ಬಂದಾಗ ಸಂತ್ರಸ್ತೆಯು ಕೂಡಲೇ ಉತ್ತರಿಸದೆ ನ್ಯಾಯಾಧೀಶರತ್ತ ನೋಡಿ, "ಈ ಪ್ರಶ್ನೆಗೆ ಉತ್ತರಿಸಬೇಕೇ?" ಎಂದು ವಿನಂತಿಸಬಹುದು. ಸರ್ಕಾರಿ ಅಭಿಯೋಜಕರು ಆಕ್ಷೇಪಣೆ ಸಲ್ಲಿಸಬೇಕು.

ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿ ಇತ್ತೆಂದು ಭಾವಿಸುವಂತಿಲ್ಲ ಎಂದು ನ್ಯಾಯ ಸಂಹಿತೆಯ ಕಲಂ 63ರ ವಿವರಣೆ ಹೇಳುತ್ತದೆ. 1978ರ ತೀರ್ಪಿನಲ್ಲಿ ಆ ಬಾಲಕಿಗೆ ಪ್ರತಿಕೂಲವಾಗಿದ್ದ ವಾದಕ್ಕೆ ಕಾನೂನು ಕೊಟ್ಟ ಉತ್ತರವಿದು.

ಉಡುಪು ಮತ್ತು ನಡವಳಿಕೆಯ ಬಗೆಗಿನ ಹಳೆಯ ಧೋರಣೆಗಳು ನ್ಯಾಯಾಲಯದ ಆದೇಶಗಳಲ್ಲಿಯೂ ಕಾಣಿಸಿಕೊಂಡದ್ದುಂಟು. ಅವುಗಳನ್ನು ತಿದ್ದಿದ್ದು ಕೂಡ ನ್ಯಾಯಾಲಯಗಳೇ:

- 2020ರ ಜೂನ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆನೆಂಬ ಮಹಿಳೆಯ ವಿವರಣೆಯು ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂಬ ಅರ್ಥದ ಮಾತು ಬಂದಿತ್ತು. ಮರು ತಿಂಗಳು ಅದನ್ನು ಆದೇಶದಿಂದ ತೆಗೆದುಹಾಕಲಾಯಿತು.

- ಮಾರ್ಚ್ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಆರೋಪಿಗೆ ವಿಧಿಸಿದ್ದ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಜಾಮೀನು ಷರತ್ತನ್ನು ರದ್ದುಪಡಿಸಿತು. ಸಂತ್ರಸ್ತೆಯ ಉಡುಪು, ವರ್ತನೆ, ಹಿಂದಿನ ನಡತೆ ಅಥವಾ ನೈತಿಕತೆಯ ಚರ್ಚೆ ಜಾಮೀನು ಆದೇಶದಲ್ಲಿ ಇರಕೂಡದು ಎಂದು ಎಲ್ಲ ನ್ಯಾಯಾಲಯಗಳಿಗೆ ನಿರ್ದೇಶಿಸಿತು.

- 2022ರ ಆಗಸ್ಟ್‌ನಲ್ಲಿ ಕೇರಳದ ಕೋಳಿಕೋಡಿನ ಸೆಷನ್ಸ್ ನ್ಯಾಯಾಲಯವು, ದೂರುದಾರಳು ಪ್ರಚೋದನಕಾರಿ ಉಡುಪು ಧರಿಸಿದ್ದಳೆಂಬ ಕಾರಣಕ್ಕೆ ಲೈಂಗಿಕ ಕಿರುಕುಳದ ಕಲಂ ಮೇಲ್ನೋಟಕ್ಕೆ ಅನ್ವಯಿಸದು ಎಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ ಹೇಳಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇರಳ ಉಚ್ಚ ನ್ಯಾಯಾಲಯವು ಆ ಮಾತುಗಳನ್ನು ತೆಗೆದುಹಾಕಿತು.

ಹೀಗಾಗಿ ಮಹಿಳೆಯು ಸೀರೆ ಉಟ್ಟಿದ್ದರೂ, ಚೂಡಿದಾರ್ ಅಥವಾ ಜೀನ್ಸ್ ಧರಿಸಿದ್ದರೂ, ಕೂದಲು ಕತ್ತರಿಸಿಕೊಂಡಿದ್ದರೂ, ಬೈತಲೆ ತೆಗೆದು ಹೂ ಮುಡಿದಿದ್ದರೂ ಅಪರಾಧದ ಗಾತ್ರ ಬದಲಾಗುವುದಿಲ್ಲ.

10. ಗುರುತಿನ ಗೋಪ್ಯತೆ

ಸಂತ್ರಸ್ತೆಯ ಹೆಸರನ್ನು ಅಥವಾ ಆಕೆಯ ಗುರುತು ಹಿಡಿಯಬಹುದಾದ ಯಾವುದೇ ವಿವರವನ್ನು ಮುದ್ರಿಸುವುದು, ಪ್ರಕಟಿಸುವುದು ನ್ಯಾಯ ಸಂಹಿತೆಯ ಕಲಂ 72ರ ಮೇರೆಗೆ 2 ವರ್ಷದವರೆಗೆ ಕಾರಾಗೃಹ ವಾಸ ಹಾಗೂ ದಂಡಕ್ಕೆ ಗುರಿಯಾಗುವ ಅಪರಾಧ. ಹೆಸರಿಲ್ಲದಿದ್ದರೂ ಊರು, ಶಾಲೆ, ತಂದೆತಾಯಿಯ ವಿವರಗಳಿಂದ ಪರೋಕ್ಷವಾಗಿ ಗುರುತು ತಿಳಿಯುವಂತೆಯೂ ಪ್ರಕಟಿಸಕೂಡದು ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮೊಬೈಲ್ ಗುಂಪುಗಳಲ್ಲಿ ಇಂತಹ ಮಾಹಿತಿಯನ್ನು ಹಂಚುವವರು ಸಹಾನುಭೂತಿಯಿಂದ ಮಾಡಿದ್ದರೂ ಕಾನೂನನ್ನು ಉಲ್ಲಂಘಿಸಿದಂತಾಗುತ್ತದೆ.

11. ಕಾನೂನು ನೆರವು ಮತ್ತು ಪರಿಹಾರ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಪ್ರತಿಯೊಬ್ಬ ಮಹಿಳೆಯೂ ತನ್ನ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹಳು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ವಕೀಲರ ನೆರವು ಪಡೆಯಬಹುದು.

ಸುರಕ್ಷಾ ಸಂಹಿತೆಯ ಕಲಂ 396ರ ಮೇರೆಗೆ ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಯಿದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2018ರಲ್ಲಿ ಸಿದ್ಧಪಡಿಸಿದ ಮಹಿಳಾ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5 ಲಕ್ಷದಿಂದ 10 ಲಕ್ಷ ರೂಪಾಯಿಯ ಮಿತಿಗಳನ್ನು ಸೂಚಿಸಲಾಗಿದೆ. ಅರ್ಜಿಯನ್ನು ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಅಗತ್ಯವಿದ್ದಲ್ಲಿ ಮಧ್ಯಂತರ ಪರಿಹಾರವನ್ನೂ ಕೋರಬಹುದು. ಅದಕ್ಕಾಗಿ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ. ಆರೋಪಿ ಪತ್ತೆಯಾಗದೆ ಸಂತ್ರಸ್ತೆಯ ಗುರುತು ಮಾತ್ರ ತಿಳಿದಿದ್ದರೂ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು. ಬೆದರಿಕೆಯಿದ್ದಲ್ಲಿ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೋರಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆರೋಪಿ ಪರಿಚಿತನೇ ಆಗಿದ್ದಾನೆ, ಹಿಂದೆ ಸ್ನೇಹವೂ ಇತ್ತು. ದೂರು ನೀಡಬಹುದೇ?
ಉತ್ತರ: ನೀಡಬಹುದು. ಹಿಂದಿನ ಸ್ನೇಹವು ಘಟನೆಯ ದಿನದ ಸಮ್ಮತಿಯಾಗುವುದಿಲ್ಲ.

ಪ್ರಶ್ನೆ: ಮೈಮೇಲೆ ಗಾಯಗಳಿಲ್ಲ. ವೈದ್ಯಕೀಯ ಪರೀಕ್ಷೆಯಿಂದ ಪ್ರಯೋಜನವಿದೆಯೇ?
ಉತ್ತರ: ಇದೆ. ಚಿಕಿತ್ಸೆಯ ಜೊತೆಗೆ ಮಾದರಿಗಳ ಸಂಗ್ರಹಣೆ ಹಾಗೂ ಮಾನಸಿಕ ಸ್ಥಿತಿಯ ದಾಖಲೆಯೂ ಮುಖ್ಯ. ಗಾಯವಿಲ್ಲದಿರುವುದು ಸಮ್ಮತಿಯ ಗುರುತಲ್ಲ.

ಪ್ರಶ್ನೆ: ಸಂತ್ರಸ್ತೆಯ ವಯಸ್ಸು 18ಕ್ಕಿಂತ ಕಡಿಮೆಯಿದ್ದರೆ?
ಉತ್ತರ: ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012 ಅನ್ವಯವಾಗುತ್ತದೆ. ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಬಾಲಕಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ವಿಶೇಷ ನ್ಯಾಯಾಲಯವು ಮಗುವಿನ ಚಾರಿತ್ರ್ಯಹನನಕ್ಕೆ ಅವಕಾಶ ನೀಡುವಂತಿಲ್ಲ.

ಪ್ರಶ್ನೆ: ಪರೀಕ್ಷೆಗೆ ಕೊಟ್ಟ ಬಟ್ಟೆ, ಫೋನ್ ಹಿಂತಿರುಗಿ ಸಿಗುತ್ತವೆಯೇ?
ಉತ್ತರ: ಅವು ನ್ಯಾಯಾಲಯದ ವಶದಲ್ಲಿರುತ್ತವೆ. ಫೋನಿನಂತಹ ವಸ್ತುಗಳನ್ನು ಹಿಂತಿರುಗಿಸುವಂತೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಒಪ್ಪಿಸುವಾಗ ಮಹಜರಿನಲ್ಲಿ ಅವುಗಳ ವಿವರ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.

13. ಸಹಾಯವಾಣಿಗಳು

- ತುರ್ತು ಪೊಲೀಸ್ ನೆರವು: 112
- ಮಹಿಳಾ ಸಹಾಯವಾಣಿ: 181
- ಮಕ್ಕಳ ಸಹಾಯವಾಣಿ: 1098
- ಸೈಬರ್ ಅಪರಾಧ ಸಹಾಯವಾಣಿ: 1930
- ಉಚಿತ ಕಾನೂನು ನೆರವು: 15100

ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ಪೊಲೀಸ್ ಹಾಗೂ ಕಾನೂನು ನೆರವು ಮತ್ತು ತಾತ್ಕಾಲಿಕ ವಸತಿಯನ್ನು ಒಂದೇ ಕಡೆ ಒದಗಿಸುವ ಸಖಿ ಏಕ ನಿಲುಗಡೆ ಕೇಂದ್ರಗಳು ಜಿಲ್ಲೆಗಳಲ್ಲಿ ಕಾರ್ಯನಿರ್ವಹಿಸುತ್ತಿವೆ. ದೂರು ನೀಡುವ ನಿರ್ಧಾರಕ್ಕೆ ಬರುವ ಮೊದಲೂ ಅಲ್ಲಿ ಸಲಹೆ ಪಡೆಯಬಹುದು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಸರಳವಾಗಿ ನೀಡಲಾಗಿದ್ದು, ಇದು ಕಾನೂನಿನ ಮೂಲ ಪಾಠಕ್ಕಾಗಲಿ ವಕೀಲರ ಸಲಹೆಗಾಗಲಿ ಪರ್ಯಾಯವಲ್ಲ. ಸಂತ್ರಸ್ತೆಯ ಕುಟುಂಬದವರು, ನೆರೆಹೊರೆಯವರು ಹಾಗೂ ಸಹೋದ್ಯೋಗಿಗಳು "ಹೀಗೇಕೆ ಮಾಡಿದೆ?" ಎಂದು ಆಕೆಯನ್ನು ಪ್ರಶ್ನಿಸುವ ಬದಲು ಬಟ್ಟೆಯನ್ನು ಕಾಗದದ ಚೀಲದಲ್ಲಿಟ್ಟು, ಆಕೆಯೊಡನೆ ಆಸ್ಪತ್ರೆಯವರೆಗೆ ಹೋಗಬೇಕೆಂದು ಕೋರಲಾಗಿದೆ.